ಅಪ್‌ಡೇಟ್: ಎಐ ಟ್ರಾಫಿಕ್ ಇಳಿಸಿದೆ, ಲ್ಯಾಂಡಿಂಗ್ ಸಲೀಸಾಯಿತು

ದೊಡ್ಡ ಏರ್‌ಪೋರ್ಟ್‌ಗೆ ಇಳಿಯುವಾಗ ಮಾತ್ರ ಫ್ಲೈಟ್ ಸಿಮ್ಯುಲೇಟರ್ ಯಾಕೆ ತಡವರಿಸುತ್ತದೆ ಅಂತ ಕೇಳಿದ್ದೆನಲ್ಲ, ಕಾರಣ ಸಿಕ್ಕಿತು. ಎಐ ಟ್ರಾಫಿಕ್, ಅಂದರೆ ಆಟದಲ್ಲಿ ಕಂಪ್ಯೂಟರೇ ಓಡಿಸುವ ವಿಮಾನಗಳು! ನೀವು ಹೇಳಿದಂತೆ ಮೊದಲು ರೆಸಲ್ಯೂಶನ್ (ಚಿತ್ರದ ಪಿಕ್ಸೆಲ್ ಸಂಖ್ಯೆ) ಇಳಿಸಿ ನೋಡಿದೆ, ಅದರ ಹೊರೆ ಬೀಳುವುದು ಗ್ರಾಫಿಕ್ಸ್ ಕಾರ್ಡ್ ಮೇಲೆ. ಫ್ರೇಮ್ ರೇಟ್ (ಸೆಕೆಂಡಿಗೆ ತೆರೆಗೆ ಬರುವ ಚಿತ್ರಗಳ ಸಂಖ್ಯೆ) ಒಂದಿಷ್ಟೂ ಏರಲಿಲ್ಲ, ಅಂದರೆ ಗ್ರಾಫಿಕ್ಸ್ ಕಾರ್ಡ್ ಆರಾಮಾಗಿದೆ, ಒದ್ದಾಡುತ್ತಿರುವುದು ಪ್ರೊಸೆಸರ್. ಪ್ರತಿ ವಿಮಾನದ ದಾರಿ, ಟ್ಯಾಕ್ಸಿ (ನೆಲದ ಮೇಲಿನ ಓಡಾಟ), ಇಳಿಯುವ ಸರದಿ ಎಲ್ಲ ಲೆಕ್ಕ ಹಾಕುವುದು ಅದೇ, ಅದರಲ್ಲೂ ಜಾಸ್ತಿ ಹೊರೆ ಒಂದೇ ಮುಖ್ಯ ಥ್ರೆಡ್ (ಒಂದರ ಹಿಂದೆ ಒಂದರಂತೆ ನಡೆಯುವ ಕೆಲಸದ ಸಾಲು) ಮೇಲೆ ಬೀಳುತ್ತದೆ, ಹಾಗಾಗಿ ಪ್ರೊಸೆಸರ್‌ನೊಳಗಿನ ಉಳಿದ ಕೋರ್‌ಗಳು (ಲೆಕ್ಕ ಹಾಕುವ ಘಟಕಗಳು) ಖಾಲಿ ಇದ್ದರೂ ಪ್ರಯೋಜನವಿಲ್ಲ.

ಟ್ರಾಫಿಕ್ ಸ್ಲೈಡರ್ 100ರಿಂದ 30ಕ್ಕೆ ತಂದೆ. ರನ್‌ವೇ ಮುಟ್ಟುವ ಹೊತ್ತಿನ ಆ ಜರ್ಕ್ ಮಾಯ! ಗೇಟ್‌ನಲ್ಲಿ ಸುಮ್ನೆ ನಿಂತ ವಿಮಾನಗಳನ್ನೂ ಕಡಿಮೆ ಮಾಡಿ, ಅವನ್ನು ತೆರೆಗೆ ತರುವುದಕ್ಕೂ ಪ್ರೊಸೆಸರ್ ದುಡಿಯಬೇಕು ಅಲ್ವಾ. ಪೂರ್ತಿ ಆಫ್ ಮಾತ್ರ ಮಾಡುವುದಿಲ್ಲ, ಬಿಕೋ ಅನ್ನುವ ಏರ್‌ಪೋರ್ಟ್ ನನಗೆ ಬೇಡ.