ತೋಟದ ಕಾರ್ಮಿಕರ ಸುದ್ದಿಯಲ್ಲಿ ಜನಾಂಗೀಯ ತಾರತಮ್ಯ: ಅಳೆಯೋದು ಹೇಗೆ?

ಪೊನ್ನಂಪೇಟೆ ಓದುಗ (ಪ್ರಶ್ನೆ):
ಎಂ.ಎ. ಪತ್ರಿಕೋದ್ಯಮದ ಪ್ರಬಂಧಕ್ಕೆ ಕೇಳ್ತಿದ್ದೇನೆ. ಕೊಡಗಿನ ಕಾಫಿ ತೋಟಗಳಿಗೆ ಬರುವ ಅಸ್ಸಾಂ ಕಾರ್ಮಿಕರನ್ನು ಮೂರು ಕನ್ನಡ ದಿನಪತ್ರಿಕೆಗಳು ಮತ್ತು ಯೂಟ್ಯೂಬ್ ಕಾಮೆಂಟ್‌ಗಳು ಹೇಗೆ ತೋರಿಸುತ್ತವೆ ಅನ್ನೋದು ವಿಷಯ. ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್. ಬೈಗುಳಗಳ ಪಟ್ಟಿ ಮಾಡಿ ಎಣಿಸಿದರೆ ಸಾಕಾ? ಗೈಡ್ ಬೇರೆ "ಅವರೂ ಭಾರತೀಯರೇ, ಜನಾಂಗೀಯ ಹೇಗಾಗುತ್ತೆ?" ಅಂತಾರೆ.

ಕಡತದ ಹುಳು:
ಗೈಡ್‌ಗೆ ಜನಾಂಗೀಯ ತಾರತಮ್ಯ ನಿವಾರಣೆಗಾಗಿ ಆದ ವಿಶ್ವಸಂಸ್ಥೆಯ 1965ರ ಒಪ್ಪಂದದ ಮೊದಲ ವಿಧಿ ತೋರಿಸಿ. ಜನಾಂಗ, ಬಣ್ಣ, ವಂಶ, ರಾಷ್ಟ್ರೀಯ ಅಥವಾ ಜನಸಮುದಾಯದ (ಎತ್ನಿಕ್) ಮೂಲ, ಎಲ್ಲವೂ ಅದರಲ್ಲಿವೆ. ಭಾರತ ಅದಕ್ಕೆ 1968ರಲ್ಲೇ ಒಪ್ಪಿಗೆ ಕೊಟ್ಟಿದೆ. 2012ರ ಆಗಸ್ಟ್‌ನಲ್ಲಿ ವದಂತಿಯ ಎಸ್ಸೆಮ್ಮೆಸ್ ನಂಬಿ ಈಶಾನ್ಯದ ಸಾವಿರಾರು ಜನ ಬೆಂಗಳೂರಿನಿಂದ ರೈಲು ಹತ್ತಿದ್ದನ್ನೂ ನೆನಪಿಸಿ. ಅವರೂ ಭಾರತೀಯರೇ.

ಬೈಗುಳದ ಪಟ್ಟಿ ಪತ್ರಿಕೆಗೆ ಕೆಲಸಕ್ಕೆ ಬರಲ್ಲ. ಅಲ್ಲಿ ಬೈಗುಳ ಅಚ್ಚಾಗೋದೇ ಅಪರೂಪ, ಸೊನ್ನೆ ಬರುತ್ತೆ, "ತಾರತಮ್ಯ ಇಲ್ಲ" ಅಂತ ಬರೆಯಬೇಕಾಗುತ್ತೆ. ಹೋಲಿಸಿ ನೋಡಿ. ಅದೇ ಪತ್ರಿಕೆ, ಅದೇ ಬಗೆಯ ಅಪರಾಧ: ಶೀರ್ಷಿಕೆಯಲ್ಲಿ "ಅಸ್ಸಾಂ ಕಾರ್ಮಿಕನಿಂದ ಕಾಳುಮೆಣಸು ಕಳವು" ಅಂತ ಬಂತಾ, "ಕಾಳುಮೆಣಸು ಕಳವು: ಆರೋಪಿ ಬಂಧನ" ಅಂತ ಬಂತಾ? ಅಸ್ಸಾಂ ಅಂತ ಹುಡುಕಿ ಸಿಕ್ಕ ಸುದ್ದಿಯನ್ನಷ್ಟೇ ಕೂಡಿಟ್ಟರೆ ತಕ್ಕಡಿಯ ಇನ್ನೊಂದು ತಟ್ಟೆ ಖಾಲಿ. ಹಾಗಾಗಿ ಕಳವು, ಹಲ್ಲೆ, ಆನೆ ದಾಳಿ ಹೀಗೆ ಘಟನೆಯ ಹೆಸರಲ್ಲಿ ಹುಡುಕಿ.

ಕನ್ನಡದಲ್ಲಿ ಇನ್ನೊಂದು ಸುಳಿವು ಕ್ರಿಯಾಪದದ ತುದಿಯಲ್ಲಿದೆ. ಆನೆ ದಾಳಿಯಲ್ಲಿ ಸತ್ತವರು ಮಾಲೀಕರಾದರೆ "ಮೃತಪಟ್ಟಿದ್ದಾರೆ", ಲೈನ್ ಮನೆಯವನಾದರೆ (ತೋಟದ ಕಾರ್ಮಿಕರ ಸಾಲು ಮನೆ) "ಮೃತಪಟ್ಟಿದ್ದಾನೆ" ಅಂತ ಬರುತ್ತಾ ಗುರುತು ಹಾಕಿ. ಹೆಸರು ಕೊಟ್ಟಿದ್ದಾರಾ, "ಓರ್ವ ಕಾರ್ಮಿಕ" ಅಂತ ಮುಗಿಸಿದ್ದಾರಾ ಅದನ್ನೂ. ಆದರೆ ಸತ್ತವರನ್ನು ಸತ್ತವರ ಜೊತೆಗೇ ಹೋಲಿಸಿ. ಆರೋಪಿಗೆ ಹೇಗೂ ಏಕವಚನವೇ ಹೆಚ್ಚು. ಕೊಡಗಿನದೇ ಬುಡಕಟ್ಟಾದ ಯರವ ಕಾರ್ಮಿಕರ ಸುದ್ದಿಯನ್ನು ಮೂರನೇ ಗುಂಪಾಗಿ ಇಟ್ಟುಕೊಳ್ಳಲೇಬೇಕು. ಇಲ್ಲದಿದ್ದರೆ ಆ ಏಕವಚನ ಕೂಲಿ ಅನ್ನೋದಕ್ಕಾ, ಹೊರಗಿನವನು ಅನ್ನೋದಕ್ಕಾ ಬಿಡಿಸೋಕಾಗಲ್ಲ.

ಅಕ್ಷರ ಕಾಯಕ:
ಪದ ಹುಡುಕಾಟದಲ್ಲೇ ಅರ್ಧ ಜನ ಬೀಳ್ತಾರೆ. ಇ-ಪೇಪರ್ ಪಿಡಿಎಫ್ ಹಲವು ಸಲ ಯೂನಿಕೋಡ್ ಅಲ್ಲ, ನುಡಿಯಂಥ ಹಳೆ ಫಾಂಟ್. ಕಾಪಿ ಮಾಡಿದರೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಬರುತ್ತೆ. ಪರಿವರ್ತಕದಲ್ಲಿ ಹಾಕಿ, ಆಗದಿದ್ದರೆ 300 ಡಿಪಿಐಗೆ ಚಿತ್ರ ಮಾಡಿ ಚಿತ್ರದಿಂದ ಅಕ್ಷರ ಓದುವ ತಂತ್ರಾಂಶ ಟೆಸೆರಾಕ್ಟ್‌ನ ಕನ್ನಡ ಮಾದರಿ ಓಡಿಸಿ. ಅದಕ್ಕೂ ಮೊದಲು ಕಾಲಂ ಕಾಲಂ ಕತ್ತರಿಸಿ, ಇಲ್ಲದಿದ್ದರೆ ಪಕ್ಕದ ಸುದ್ದಿಯ ಸಾಲು ಇದರೊಳಗೆ ನುಗ್ಗುತ್ತೆ. ಘಟನೆಯ ಹೆಸರಲ್ಲಿ ಕೂಡಿಟ್ಟ ಸುದ್ದಿಗಳೊಳಗೆ ಅಸ್ಸಾಂ, ಅಸ್ಸಾಮ್, ಅಸ್ಸಾಮಿ ಮೂರೂ ಸಿಗಬೇಕಾದರೆ "ಅಸ್ಸಾ" ಅಂತಷ್ಟೇ ಹುಡುಕಿ.

ಯೂಟ್ಯೂಬ್ ಎಪಿಐ (ಪ್ರೋಗ್ರಾಂ ಮೂಲಕ ಮಾಹಿತಿ ಇಳಿಸಿಕೊಳ್ಳುವ ದಾರಿ) ದಿನಕ್ಕೆ 10,000 ಯೂನಿಟ್ ಕೊಡುತ್ತೆ. ವಿಡಿಯೋ ಹುಡುಕಾಟಕ್ಕೆ ಸಲಕ್ಕೆ 100 ಹೋಗುತ್ತೆ, ಕಾಮೆಂಟ್ ಪುಟಕ್ಕೆ ಬರೀ 1, ಪುಟಕ್ಕೆ 100 ಕಾಮೆಂಟ್. ವಿಡಿಯೋಗಳನ್ನು ಕೈಯಲ್ಲೇ ಪಟ್ಟಿ ಮಾಡಿಕೊಂಡರೆ ಉಳಿತಾಯ. ಕಾಮೆಂಟಿನ ಕೆಳಗಿನ ಉತ್ತರಗಳು ಪೂರ್ತಿ ಬರಲ್ಲ, ಬೇರೆ ಕರೆ ಮಾಡಿ ತರಬೇಕು. ಜಗಳ ಬೆಳೆಯೋದು ಅಲ್ಲೇ. ಮೊದಲ ದಿನ ಒಮ್ಮೆ, 7 ದಿನ ಬಿಟ್ಟು ಇನ್ನೊಮ್ಮೆ ಇಳಿಸಿಕೊಂಡರೆ ಯಾವುದು ಅಳಿಸಿಹೋಯಿತು ಅಂತಲೂ ಗೊತ್ತಾಗುತ್ತೆ. ಇಂಗ್ಲಿಷ್ ಲಿಪಿಯಲ್ಲಿ ಬರೆದ ಕನ್ನಡವನ್ನು ಬಿಡಬೇಡಿ. ಸುದ್ದಿಯಲ್ಲಿ ಅಸ್ಸಾಂ ಅಂತಿದ್ದು ಕಾಮೆಂಟಲ್ಲಿ "ಬಾಂಗ್ಲಾದವರು" ಆಗಿದ್ದರೆ ಅದಕ್ಕೊಂದು ಪ್ರತ್ಯೇಕ ಕೋಡ್ (ವರ್ಗದ ಗುರುತು) ಕೊಡಿ.

ಕಡತದ ಹುಳು:
ಇಬ್ಬರು ಬೇರೆಬೇರೆಯಾಗಿ ಶೇ 15ರಷ್ಟು ಸುದ್ದಿಗೆ ಕೋಡ್ ಹಾಕಿ ಕ್ರಿಪೆನ್‌ಡಾರ್ಫ್ ಆಲ್ಫಾ (ಇಬ್ಬರ ಕೋಡ್ ಎಷ್ಟು ಹೊಂದುತ್ತೆ ಅನ್ನೋ ಅಳತೆ) ನೋಡಿ. 0.80 ಇದ್ದರೆ ಗಟ್ಟಿ, 0.667ಕ್ಕಿಂತ ಕೆಳಗಾದರೆ ಕೋಡ್‌ಪುಸ್ತಕ ತಿದ್ದಿ. ಇಬ್ಬರೂ ತೋಟದ ಮನೆಯವರಾದರೆ ಆಲ್ಫಾ ಚೆನ್ನಾಗೇ ಬರುತ್ತೆ, ಕಣ್ಣು ತಪ್ಪೋದೂ ಒಂದೇ ಜಾಗದಲ್ಲಿ. ಒಬ್ಬರಾದರೂ ಹೊರಗಿನವರಿರಲಿ.

ಪೊನ್ನಂಪೇಟೆ ಓದುಗ:
ತೋಟದವರ ವಾಟ್ಸಾಪ್ ಗುಂಪಿನ ಮೆಸೇಜ್ ಸೇರಿಸಬಹುದಾ?

ಅಕ್ಷರ ಕಾಯಕ:
ಅದು ಮುಚ್ಚಿದ ಬಾಗಿಲು, ಸದಸ್ಯರ ಒಪ್ಪಿಗೆ ಇಲ್ಲದೆ ಬೇಡ. ಯೂಟ್ಯೂಬ್‌ನಲ್ಲೂ ಖಾತೆಯ ಹೆಸರು ತೆಗೆದುಬಿಡಿ, ಕಾಮೆಂಟನ್ನು ಇದ್ದಹಾಗೇ ಹಾಕಬೇಡಿ. ಸಾಲು ಹುಡುಕಿದರೆ ಆಳು ಸಿಕ್ಕಿಬಿಡ್ತಾರೆ. ಅವಧಿಯನ್ನೂ ಬದಲಿಸಿ. ಅರೇಬಿಕಾ ಕೊಯ್ಲು ನವೆಂಬರ್‌ಗೆ ಶುರು, ರೊಬಸ್ಟಾ ಮಾರ್ಚ್‌ವರೆಗೂ ಎಳೆಯುತ್ತೆ. ನಿಮ್ಮ ಆರು ತಿಂಗಳಲ್ಲಿ ಕೊಯ್ಲೇ ಇಲ್ಲ.