ಸಹಾಯ ಬೇಕು: ಮಿಗ್ ಯಂತ್ರದಲ್ಲಿ ತಂತಿ ತಡೆದು ತಡೆದು ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ಗಂಗಾವತಿಯಲ್ಲಿ ನನ್ನದೊಂದು ಚಿಕ್ಕ ವೆಲ್ಡಿಂಗ್ ಅಂಗಡಿ ಇದೆ. ಹೆಚ್ಚಾಗಿ ಟ್ರ್ಯಾಕ್ಟರ್ ಟ್ರೇಲರ್ ಕೆಲಸ. ಭತ್ತದ ಕೊಯ್ಲು ಹತ್ತಿರ ಬಂದಿದೆ, ಎರಡು ಟ್ರೇಲರ್‌ಗಳು ಅರ್ಧಕ್ಕೇ ನಿಂತಿವೆ. ರೈತರಿಗೆ ಮುಖ ತೋರಿಸಲು ಸಂಕಟವಾಗುತ್ತಿದೆ.

ನನ್ನದು ಮಿಗ್ ಯಂತ್ರ, ಅಂದರೆ ಸುರುಳಿಯಿಂದ ತಂತಿ ತಾನಾಗಿ ಬಂದು ಕರಗಿ ಬೆಸೆಯುವ ವೆಲ್ಡಿಂಗ್ ಯಂತ್ರ; ಅದಕ್ಕೆ 0.8 ಮಿ.ಮೀ. ತಂತಿ ಹಾಕಿದ್ದೇನೆ. ಮೊದಲ ಒಂದೆರಡು ಇಂಚು ಬೆಸುಗೆ ಚೆನ್ನಾಗಿ ಕೂರುತ್ತದೆ. ಆಮೇಲೆ ತಂತಿ ಜಗ್ಗಿದಂತಾಗಿ ನಿಧಾನವಾಗುತ್ತದೆ, ಆರ್ಕ್ ಚಟಚಟ ಎನ್ನುತ್ತದೆ, ತಂತಿ ತಾನು ಹೊರಬರುವ ತುದಿಯ ಟಿಪ್‌ಗೇ ಕರಗಿ ಅಂಟಿಕೊಳ್ಳುತ್ತದೆ. ಮುಚ್ಚಳ ತೆರೆದು ನೋಡಿದರೆ ತಂತಿ ತಳ್ಳುವ ರೋಲರ್ ಮುಂದೆ ಸಿಕ್ಕುಬಿದ್ದ ನೂಲಿನ ಹಾಗೆ ತಂತಿಯ ಗಂಟು.

ಟಿಪ್ ಹೊಸದು, 0.8ರದ್ದೇ. ರೋಲರ್‌ನ ತೋಡೂ ಅದೇ ಅಳತೆಯದು. ಒತ್ತುವ ತಿರುಪನ್ನು ಸಡಿಲಿಸಿದರೆ ರೋಲರ್ ಜಾರುತ್ತದೆ, ಬಿಗಿ ಮಾಡಿದರೆ ಗಂಟು ಇನ್ನೂ ಬೇಗ ಬೀಳುತ್ತದೆ. ಟಾರ್ಚ್ (ಕೈಯಲ್ಲಿ ಹಿಡಿದು ಬೆಸುಗೆ ಹಾಕುವ ಹಿಡಿಕೆ) ಕೇಬಲನ್ನು ನೆಲದ ಮೇಲೆ ನೇರವಾಗಿ ಹಾಸಿದಾಗ ಮಾತ್ರ ಸ್ವಲ್ಪ ಹೊತ್ತು ಸರಿಯಾಗಿ ನಡೆಯುತ್ತದೆ. ಹಾಗಾಗಿ ಲೈನರ್ (ಕೇಬಲ್ ಒಳಗೆ ತಂತಿ ಸಾಗುವ ಕೊಳವೆ) ಮೇಲೆಯೇ ನನ್ನ ಅನುಮಾನ. ನಿನ್ನೆ ಟಿಪ್ ಬಿಚ್ಚಿ ಕಂಪ್ರೆಸರ್ ಗಾಳಿ ಹೊಡೆದಾಗ ತಾಮ್ರದ ಪುಡಿ ಬೆರೆತ ಕಪ್ಪು ಧೂಳು ಅಂಗೈ ತುಂಬ ಬಂತು. ಅಂಗಡಿಯ ಪಕ್ಕದಲ್ಲೇ ಅಕ್ಕಿ ಗಿರಣಿ ಇದೆ, ಹೊಟ್ಟಿನ ಧೂಳು ತಂತಿಯ ಸುರುಳಿಯ ಮೇಲೆ ಸದಾ ಕೂರುತ್ತದೆ.

ಲೈನರನ್ನೇ ಬದಲಿಸಬೇಕೆ, ತೊಳೆದರೆ ಸಾಕೆ? ಹೊಸದನ್ನು ಹಾಕುವಾಗ ಟಾರ್ಚಿನ ತುದಿಯಲ್ಲಿ ಎಷ್ಟು ಉಳಿಸಿ ಕತ್ತರಿಸಬೇಕು? ಗಿಡ್ಡವಾದರೆ ಮತ್ತೆ ಇದೇ ಗೋಳು ಎಂದು ಕೇಳಿದ್ದೇನೆ. ಸುರುಳಿಯ ಬ್ರೇಕ್ ಎಷ್ಟು ಬಿಗಿಯಿರಬೇಕು ಎಂಬುದನ್ನೂ ತಿಳಿಸಿ. ಕೈಯಾರೆ ಈ ಕೆಲಸ ಮಾಡಿದ ಅಣ್ಣಂದಿರು ದಯವಿಟ್ಟು ಉತ್ತರಿಸಿ, ನಾಳೆ ಬೆಳಿಗ್ಗೆಯೇ ಬಿಚ್ಚಲು ಕೂರುತ್ತೇನೆ.