ಮಗಳ ಮೊದಲ ಕೋವಿ: 300 ಡಾಲರ್ ಒಳಗೆ ಯಾವುದು?

ಪ್ರಶ್ನೆ, ಪೆನ್ಸಿಲ್ವೇನಿಯಾದಿಂದ:
ಮಗಳಿಗೆ 12 ವರ್ಷ, ಸಣ್ಣ ಮೈಕಟ್ಟು. ಹಂಟರ್ ಎಜುಕೇಶನ್ (ಬೇಟೆ ತರಬೇತಿ) ಮುಗಿಸಿದ್ದಾಳೆ. ಅಳಿಲು, ಮೊಲದ ಶಿಕಾರಿಗೆ ಶಾಟ್‌ಗನ್ ಬೇಕು. ಅಂಗಡಿಯಲ್ಲಿ .410 (ತೀರಾ ಸಣ್ಣ ಬಾಯಿಯ) ಒಂಟಿ ನಳಿಗೆ ಸಾಕು, ಒದೆಯಲ್ಲ ಅಂತಾರೆ. ನಾನು ಎಚ್-1ಬಿ ವೀಸಾದಲ್ಲಿದ್ದೇನೆ. ಬಲ್ಲವರು ಹೇಳಿ.

ಮಿಷಿಗನ್‌ನಿಂದ:
.410 ಬೇಡ, 20 ಗೇಜ್ (.410ಕ್ಕಿಂತ ದೊಡ್ಡ ಬಾಯಿ, 12 ಗೇಜ್‌ಗಿಂತ ಸಣ್ಣದು) ತಗೊಳ್ಳಿ. .410ರ ಎರಡೂವರೆ ಇಂಚಿನ ತೋಟೆಯಲ್ಲಿ ಅರ್ಧ ಔನ್ಸ್ ಚರೆ ಇರುತ್ತೆ. 6ನೇ ನಂಬರಿನ ಸೀಸದ ಚರೆಯಾದರೆ ಸುಮಾರು 112 ಕಾಳು. 20 ಗೇಜಿನ ಮಾಮೂಲಿ ⅞ ಔನ್ಸಿನಲ್ಲಿ ಸುಮಾರು 197. ಕಲಿಯುವವರ ಗುರಿ ನಾಲ್ಕು ಇಂಚು ಆಚೀಚೆ ಹೋಗೋದು ಸಹಜ. ಚರೆ ವಿರಳವಾಗಿದ್ದರೆ ಪ್ರಾಣಿ ಸಾಯಲ್ಲ, ಗಾಯಗೊಂಡು ಪೊದೆ ಸೇರುತ್ತೆ. ಸಾಲದ್ದಕ್ಕೆ .410 ತೋಟೆಗೇ ಬೆಲೆ ಜಾಸ್ತಿ.

ಒದೆ ಕೋವಿಯ ತೂಕದ ಮೇಲೂ ನಿಂತಿದೆ. ಐದು ಪೌಂಡಿನ ಒಂಟಿ ನಳಿಗೆಯಲ್ಲಿ 20 ಗೇಜ್ ಈಡು ಹೊಡೆದರೆ ಭುಜ ನೀಲಿಗಟ್ಟುತ್ತೆ. ಅದೇ ಈಡು ಆರು ಪೌಂಡಿನ ಪಂಪ್‌ನಲ್ಲಿ (ಮುಂದಿನ ಹಿಡಿ ಎಳೆದು ತೋಟೆ ಬದಲಿಸುವ ಕೋವಿ), ರಬ್ಬರ್ ಪ್ಯಾಡ್ ಇದ್ದರೆ, ಸಹಿಸಬಹುದು. 2¾ ಇಂಚಿನ ತೋಟೆಯನ್ನೇ ಕೊಡಿ. ಚೇಂಬರ್ (ತೋಟೆ ಕೂರುವ ಗೂಡು) 3 ಇಂಚಿನದು ಅಂತ 3 ಇಂಚಿನ ತೋಟೆ ತುಂಬಿಸಬೇಡಿ.

ಟೆಕ್ಸಾಸ್‌ನಿಂದ:
ಬ್ರ್ಯಾಂಡ್‌ಗಿಂತ ಮೊದಲು ಅಳತೆ ನೋಡಿ ಅಣ್ಣಾ. ಮೊಣಕೈಯನ್ನು ಲಂಬಕೋನಕ್ಕೆ ಮಡಚಿಸಿ, ಆ ಮಡಿಕೆಗೆ ಬಟ್ (ಕೋವಿಯ ಹಿಂತುದಿ) ತಾಗಿಸಿ. ತೋರುಬೆರಳಿನ ಮೊದಲ ಗೆಣ್ಣು ಟ್ರಿಗರ್ ಮುಟ್ಟಬೇಕು. ದೊಡ್ಡವರ ಸ್ಟಾಕ್ (ಟ್ರಿಗರ್‌ನಿಂದ ಬಟ್‌ವರೆಗಿನ ಭಾಗ) ಸುಮಾರು 14 ಇಂಚು, ಯೂತ್ ಮಾಡೆಲ್‌ಗಳು 12–13. ಉದ್ದವಾದರೆ ಮಗು ಸೊಂಟದಿಂದ ಹಿಂದಕ್ಕೆ ವಾಲಿ ನಿಲ್ಲುತ್ತೆ, ಬಟ್ ಭುಜದ ಗುಳಿ ಬಿಟ್ಟು ತೋಳಿಗೆ ಜಾರುತ್ತೆ. 'ತುಂಬಾ ಒದೆಯುತ್ತೆ' ಅನ್ನೋ ದೂರು ಎಷ್ಟೋ ಸಲ ಅಳತೆಯ ತಪ್ಪು.

300ರೊಳಗೆ ಹೊಸದು ಬೇಕಂದ್ರೆ ಮಾವೆರಿಕ್ 88 ಯೂತ್, 20 ಗೇಜ್ ಪಂಪ್ ನೋಡಿ. ಮಾಸ್‌ಬರ್ಗ್ 500 ಬ್ಯಾಂಟಮ್ ಸೆಕೆಂಡ್ ಹ್ಯಾಂಡ್ ಸಿಕ್ಕರೆ ನನ್ನ ಓಟು ಅದಕ್ಕೇ. ಅದರ ಸೇಫ್ಟಿ (ಟ್ರಿಗರ್ ತಡೆಯುವ ಗುಂಡಿ) ಹೆಬ್ಬೆರಳಿನಡಿ, ರಿಸೀವರ್ (ಕೋವಿಯ ನಡುವಿನ ಲೋಹದ ಭಾಗ) ಮೇಲೇ ಇರೋದರಿಂದ ಎಡಗೈಯವರಿಗೂ ಸಲೀಸು. ಮಾವೆರಿಕ್‌ದು ಟ್ರಿಗರ್ ಗಾರ್ಡ್ ಬಳಿ ಅಡ್ಡ ಗುಂಡಿ. ಹಳೆಯದಾದರೆ ಖಾಲಿ ಇದೆಯೆಂದು ಎರಡು ಸಲ ಪರೀಕ್ಷಿಸಿ, ನಳಿಗೆಯನ್ನು ಬೆಳಕಿಗೆ ಹಿಡಿದು ಹಿಂಬದಿಯಿಂದ ಇಣುಕಿ. ಒಳಗೆ ಬಳೆಯಂಥ ನೆರಳು ಕಂಡರೆ ನಳಿಗೆ ಉಬ್ಬಿದೆ, ಬಿಟ್ಟುಬಿಡಿ.

ವಿಸ್ಕಾನ್ಸಿನ್‌ನಿಂದ:
ಪಂಪ್‌ನಲ್ಲಿ ಮಕ್ಕಳು ಫೋರೆಂಡನ್ನು (ಆ ಮುಂದಿನ ಹಿಡಿಯನ್ನು) ಪೂರ್ತಿ ಹಿಂದಕ್ಕೆ ಎಳೆಯದೆ ಅರ್ಧಕ್ಕೇ ಬಿಡ್ತಾರೆ. ಖಾಲಿ ತೋಟೆ ಸಿಕ್ಕಿಕೊಳ್ಳುತ್ತೆ. ಡಮ್ಮಿ ತೋಟೆ ಹಾಕಿ ಮನೆಯಲ್ಲೇ ರೂಢಿ ಮಾಡಿಸಿ. ಮೊದಲ ಸೀಸನ್ ಪೂರ್ತಿ ಒಂದೇ ತೋಟೆ ತುಂಬಿಸಿದರೆ ಪಂಪೂ ಒಂಟಿ ನಳಿಗೆಯಂತೆಯೇ. ನಿಜವಾದ ಒಂಟಿ ನಳಿಗೆಯಲ್ಲಿ ಹೊಡೆಯುವ ಮುನ್ನ ಹೆಬ್ಬೆರಳಿಂದ ಎತ್ತುವ ಹ್ಯಾಮರ್‌ದೇ ತಲೆನೋವು. ಹೊಡೆಯದೆ ಅದನ್ನು ಇಳಿಸುವಾಗ ಪುಟ್ಟ ಹೆಬ್ಬೆರಳು ಜಾರಿದರೆ ಈಡು ಹಾರಬಹುದು.

ಮನೆಯಲ್ಲಿ 12 ಗೇಜ್ ಇದ್ದರೆ ತೋಟೆಗಳನ್ನು ಒಂದೇ ಜೇಬಿಗೆ ಹಾಕಲೇಬೇಡಿ. 20ರ ತೋಟೆ 12ರ ನಳಿಗೆಯಲ್ಲಿ ಜಾರಿ ಮುಂದೆ ಕೂರುತ್ತೆ. ಖಾಲಿ ಅಂದುಕೊಂಡು ಹಿಂದೆ 12 ತುಂಬಿಸಿ ಹೊಡೆದರೆ ನಳಿಗೆ ಸಿಡಿಯುತ್ತೆ. 20ರ ತೋಟೆ ಹಳದಿ ಬಣ್ಣದಲ್ಲಿ ಬರೋದೇ ಇದಕ್ಕೆ.

ನ್ಯೂಜೆರ್ಸಿಯಿಂದ:
ವೀಸಾ ವಿಷಯ ಯಾರೂ ಎತ್ತಲಿಲ್ಲ. ಎಚ್-1ಬಿ, ಎಚ್-4ನವರು (ಎಚ್-1ಬಿಯವರ ಹೆಂಡತಿ/ಗಂಡ, ಮಕ್ಕಳು) ಕೋವಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನಲ್ಲಿ ನಿಷಿದ್ಧ. ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಕೈಯಲ್ಲಿದ್ದರೆ ವಿನಾಯಿತಿ ಇದೆ. ಹಾಗಾಗಿ ಮೊದಲು ನಿಮ್ಮ ಲೈಸೆನ್ಸ್ ಮಾಡಿಸಿ, ಅಂಗಡಿಗೆ ಒಯ್ಯಿರಿ, ಕೋವಿ ಕೊಳ್ಳುವಾಗ ತುಂಬುವ ಫೆಡರಲ್ 4473 ಫಾರಂನಲ್ಲಿ ಇದ್ದದ್ದನ್ನೇ ಬರೆಯಿರಿ. ಲೈಸೆನ್ಸ್ ಮುಗಿದ ದಿನ ವಿನಾಯಿತಿಯೂ ಮುಗಿಯಿತು, ಕೋವಿ ಮನೆಯಲ್ಲೇ ಇರುತ್ತೆ! ಗ್ರೀನ್ ಕಾರ್ಡ್ ಇದ್ದವರಿಗೆ ಈ ತೊಡಕಿಲ್ಲ. ಮಗಳೂ ಎಚ್-4 ಆಗಿದ್ದರೆ ಅವಳಿಗೂ ಇದೇ ನಿಯಮ.

ಪ್ರಶ್ನೆ ಕೇಳಿದವರು:
ಧನ್ಯವಾದ. ಅವಳು ಇಲ್ಲೇ ಹುಟ್ಟಿದವಳು. ನನ್ನ ಲೈಸೆನ್ಸ್ ಮೊದಲು ಮಾಡಿಸ್ತೀನಿ. ಚೋಕ್ (ಚರೆ ಹರಡುವುದನ್ನು ಅಂಕೆಯಲ್ಲಿಡುವ ನಳಿಗೆ ತುದಿಯ ಬಿಗಿತ) ಯಾವುದು?

ಮಿಷಿಗನ್‌ನಿಂದ:
ಅಳಿಲಿಗೆ ಮಾಡಿಫೈಡ್ (ಬಿಗಿ ಹೆಚ್ಚು), ಪೊದೆಯಿಂದ ಎದ್ದೋಡುವ ಮೊಲಕ್ಕೆ ಇಂಪ್ರೂವ್ಡ್ ಸಿಲಿಂಡರ್ (ಚರೆ ಬೇಗ ಹರಡುತ್ತೆ). ಎರಡಕ್ಕೂ 6ನೇ ನಂಬರ್ ಚರೆ. 25 ಗಜದಲ್ಲಿ ಮೂರಡಿ ಕಾಗದ ಕಟ್ಟಿ, ನಡುವೆ ಅಳಿಲಿನ ಗಾತ್ರದ ರಟ್ಟು ಅಂಟಿಸಿ ಹೊಡೆಸಿ. ರಟ್ಟಿನಲ್ಲಿ ನಾಲ್ಕೈದು ತೂತು ಬೀಳದಿದ್ದರೆ ಐದು ಗಜ ಹತ್ತಿರ ಬಂದು ಮತ್ತೆ ನೋಡಿ. ಅಷ್ಟು ತೂತು ಬಿದ್ದ ದೂರವನ್ನು ಕಾಡಿನಲ್ಲಿ ದಾಟಬಾರದು. ಕಿವಿಗೆ ಮಫ್, ಕಣ್ಣಿಗೆ ಕನ್ನಡಕ ಮೊದಲ ಈಡಿನಿಂದಲೇ ಇರಲಿ. ಸದ್ದಿಗೆ ಬೆಚ್ಚಿದ ಮಗು ಮುಂದಿನ ಸಲ ಕಣ್ಣು ಮುಚ್ಚಿಯೇ ಟ್ರಿಗರ್ ಎಳೆಯುತ್ತೆ.